ಓದುಗರ ಪ್ರಶ್ನೆ, ನಮ್ಮ ಉತ್ತರ: ಆನ್‌ಲೈನ್‌ನಲ್ಲಿ ಟೆಂಡರ್ ಹಾಕುವ ಬಗೆ

ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ದೊಡ್ಡ ಪಾಲು ಒಂದೇ ವಿಷಯದ ಸುತ್ತ ಇದೆ. ಸರ್ಕಾರಿ ಸಂಸ್ಥೆಗಳೂ ದೊಡ್ಡ ಕಂಪನಿಗಳೂ ತಮ್ಮ ಖರೀದಿಯನ್ನು ಆನ್‌ಲೈನ್ ಟೆಂಡರ್ ವೇದಿಕೆಗಳಿಗೆ ವರ್ಗಾಯಿಸಿವೆ. ಸರಕನ್ನು ಚೆನ್ನಾಗಿ ತಯಾರಿಸಬಲ್ಲ, ಹೇಳಿದ ದಿನಕ್ಕೆ ತಲುಪಿಸಬಲ್ಲ ಎಷ್ಟೋ ಸಣ್ಣ ಪೂರೈಕೆದಾರರು ಆ ವೇದಿಕೆಗಳ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಾರೆ. ನಾನು ಹಲವು ವರ್ಷ ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವನು, ಟೆಂಡರ್ ಪರಿಶೀಲನಾ ಸಮಿತಿಗಳಲ್ಲಿ ಕುಳಿತವನು. ಒಳ್ಳೆಯ ಸರಕು, ನ್ಯಾಯವಾದ ದರ ಎರಡೂ ಇದ್ದ ಬಿಡ್‌ಗಳನ್ನು, ಅಂದರೆ ಟೆಂಡರ್‌ಗೆ ಪೂರೈಕೆದಾರರು ಸಲ್ಲಿಸಿದ ಪ್ರಸ್ತಾವಗಳನ್ನು, ಒಂದು ಸಹಿಯಿಲ್ಲದ ಪುಟದ ಕಾರಣಕ್ಕೆ ಬದಿಗಿಡಬೇಕಾಗಿ ಬಂದಾಗಲೆಲ್ಲ ಮನಸ್ಸಿಗೆ ಬಹಳ ನೋವಾಗಿದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಕಚೇರಿ ಪೀಠೋಪಕರಣಗಳನ್ನು ತಯಾರಿಸುತ್ತೇವೆ. ಇದುವರೆಗೆ ಪರಿಚಯದವರಿಂದ ಬಂದ ಆರ್ಡರ್‌ಗಳ ಮೇಲೆಯೇ ವ್ಯವಹಾರ ನಡೆದಿದೆ. ಆನ್‌ಲೈನ್ ಟೆಂಡರ್‌ನಲ್ಲಿ ಭಾಗವಹಿಸಬೇಕಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಸರಕನ್ನು ಕೊಳ್ಳಬಲ್ಲ ಸಂಸ್ಥೆಗಳು ಯಾವ ವೇದಿಕೆಯ ಮೂಲಕ ಕೊಳ್ಳುತ್ತವೆ ಎಂಬುದನ್ನು ಮೊದಲು ಪತ್ತೆ ಮಾಡಿ. ಕೆಲವು ದೇಶಗಳಲ್ಲಿ ಎಲ್ಲ ಸರ್ಕಾರಿ ಖರೀದಿಗೂ ಒಂದೇ ಕಿಟಕಿ ಇರುತ್ತದೆ; ದಕ್ಷಿಣ ಕೊರಿಯಾ 2002ರಲ್ಲೇ ಅಂತಹ ಏಕಗವಾಕ್ಷಿ ವ್ಯವಸ್ಥೆಯನ್ನು ಆರಂಭಿಸಿತು. ಯುರೋಪಿಯನ್ ಒಕ್ಕೂಟದಲ್ಲಿ ನಿಗದಿತ ಮೊತ್ತವನ್ನು ಮೀರಿದ ಟೆಂಡರ್‌ಗಳ ಪ್ರಕಟಣೆಗಳೆಲ್ಲ 'ಟೆಡ್' ಎಂಬ ಒಂದೇ ಜಾಲತಾಣದಲ್ಲಿ ಬರುತ್ತವೆ, ಆದರೆ ಬಿಡ್ ಸಲ್ಲಿಸಬೇಕಾದ ವೇದಿಕೆಗಳು ಬೇರೆ ಬೇರೆ. ಭಾರತದಲ್ಲಿ 2016ರಲ್ಲಿ ಆರಂಭವಾದ ಜೆಮ್ ಎಂಬ ಸರ್ಕಾರಿ ಆನ್‌ಲೈನ್ ಮಾರುಕಟ್ಟೆ ಇದೆ, ಅದರ ಜೊತೆಗೆ ಬೇರೆ ವೇದಿಕೆಗಳೂ ಇವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೆ ಪೂರೈಸಲು ಬಯಸುವವರು ಯುಎನ್ ಗ್ಲೋಬಲ್ ಮಾರ್ಕೆಟ್‌ಪ್ಲೇಸ್‌ನಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಅಲ್ಲಿನ ನೋಂದಣಿಗೆ ಶುಲ್ಕವಿಲ್ಲ. ನೋಂದಣಿ ಮಾಡಿಸಿಕೊಡುತ್ತೇವೆಂದು ದೊಡ್ಡ ಮೊತ್ತ ಕೇಳುವ ಮಧ್ಯವರ್ತಿಗಳು ಎದುರಾದರೆ, ಆ ವೇದಿಕೆಯ ಸಹಾಯ ಪುಟವನ್ನು ನೀವೇ ಒಮ್ಮೆ ಓದಿ ನೋಡಿ; ಹೆಚ್ಚಿನ ವೇದಿಕೆಗಳಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ.

ನೋಂದಣಿಯ ವೇಳೆ ಸಂಸ್ಥೆಯ ಹೆಸರು ಎಲ್ಲ ದಾಖಲೆಗಳಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವಂತೆ ನೋಡಿಕೊಳ್ಳಿ. ತೆರಿಗೆ ಪ್ರಮಾಣಪತ್ರದಲ್ಲಿ 'ಅಂಡ್ ಕಂಪನಿ' ಎಂದಿದ್ದು ಬ್ಯಾಂಕ್ ಖಾತೆಯಲ್ಲಿ 'ಅಂಡ್ ಕೋ' ಎಂದಿದ್ದರೆ ಮನುಷ್ಯರಿಗೆ ಅರ್ಥವಾಗುತ್ತದೆ, ತಂತ್ರಾಂಶಕ್ಕೆ ಆಗುವುದಿಲ್ಲ. ವೇದಿಕೆಗೆ ಕೊಡುವ ಇಮೇಲ್ ವಿಳಾಸ ಸಂಸ್ಥೆಯದ್ದಾಗಿರಲಿ, ಒಬ್ಬ ಉದ್ಯೋಗಿಯ ಸ್ವಂತ ವಿಳಾಸ ಬೇಡ. ಆ ಉದ್ಯೋಗಿ ಕೆಲಸ ಬಿಟ್ಟ ದಿನ ನಿಮ್ಮ ಟೆಂಡರ್ ಸೂಚನೆಗಳೂ ಅವರ ಜೊತೆ ಹೊರಟುಹೋಗುತ್ತವೆ.

ಅನಂತರದ ಹೆಜ್ಜೆಯನ್ನು ಬಹಳ ಜನ ಉಪೇಕ್ಷಿಸುತ್ತಾರೆ: ಸರಕಿನ ಸಂಕೇತ ಸಂಖ್ಯೆಗಳನ್ನು ಆರಿಸುವುದು. ವೇದಿಕೆಗಳು ಪ್ರತಿಯೊಂದು ಸರಕಿಗೂ ಸೇವೆಗೂ ಒಂದು ಸಂಕೇತ ಕೊಟ್ಟಿರುತ್ತವೆ. ವಿಶ್ವಸಂಸ್ಥೆಯ ಹೆಸರಿನ ವರ್ಗೀಕರಣದಲ್ಲಿ ಅದು ಎಂಟು ಅಂಕಿಗಳದ್ದು. ಯುರೋಪಿನ ವರ್ಗೀಕರಣದಲ್ಲಿ ಎಂಟು ಅಂಕಿಗಳ ನಂತರ, ಸಂಕೇತ ಸರಿಯಿದೆಯೇ ಎಂದು ಪರೀಕ್ಷಿಸುವ ಒಂದು ತಾಳೆ ಅಂಕಿ ಸೇರುತ್ತದೆ, ಅಲ್ಲಿ ಪೀಠೋಪಕರಣಗಳ ವಿಭಾಗ 39ರಿಂದ ಆರಂಭವಾಗುತ್ತದೆ. ನಿಮ್ಮ ಇಮೇಲ್‌ಗೆ ಯಾವ ಟೆಂಡರ್‌ಗಳ ಸೂಚನೆ ಬರಬೇಕೆಂಬುದು ಈ ಸಂಕೇತಗಳ ಮೇಲೆಯೇ ನಿರ್ಧಾರವಾಗುತ್ತದೆ. 'ಪೀಠೋಪಕರಣ' ಎಂಬ ಒಂದನ್ನೇ ಗುರುತಿಸಿದರೆ ಶಾಲೆಯ ಬೆಂಚು, ಆಸ್ಪತ್ರೆಯ ಕಪಾಟು, ಗ್ರಂಥಾಲಯದ ಕಪಾಟುಗಳ ಟೆಂಡರ್‌ಗಳು ನಿಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಕೊಳ್ಳುವವರು ತಮ್ಮ ಬೇಡಿಕೆಯನ್ನು ಯಾವ ಮಾತಿನಲ್ಲಿ ಹೆಸರಿಸುತ್ತಾರೆ ಎಂಬುದನ್ನು ತಿಳಿಯಲು ಹಿಂದಿನ ವರ್ಷದ ಮುಗಿದ ಟೆಂಡರ್‌ಗಳನ್ನು ತೆರೆದು ಓದಿ. ಹೆಚ್ಚಿನ ಸಾರ್ವಜನಿಕ ವೇದಿಕೆಗಳಲ್ಲಿ ಅವುಗಳ ಫಲಿತಾಂಶವೂ ಸಿಗುತ್ತದೆ: ಎಷ್ಟು ಮಂದಿ ಭಾಗವಹಿಸಿದ್ದರು, ಯಾರಿಗೆ ಸಿಕ್ಕಿತು, ಎಷ್ಟು ಮೊತ್ತಕ್ಕೆ ಸಿಕ್ಕಿತು. ನನ್ನ ಮಟ್ಟಿಗೆ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕವಿಲ್ಲ.

ಪ್ರಶ್ನೆ: ಟೆಂಡರ್ ದಾಖಲೆಗಳು ನೂರು, ನೂರೈವತ್ತು ಪುಟಗಳಿರುತ್ತವೆ. ಪೂರ್ತಿ ಓದಲೇಬೇಕೇ? ಓದಿದರೂ ನಮಗೆ ಹೊಂದುತ್ತದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಬಿಡ್ ಸಲ್ಲಿಸುವುದಾದರೆ ಪೂರ್ತಿ ಓದಲೇಬೇಕು. ಆದರೆ ಸಲ್ಲಿಸಬೇಕೋ ಬೇಡವೋ ಎಂದು ನಿರ್ಧರಿಸಲು ಅಷ್ಟೂ ಪುಟ ಬೇಕಿಲ್ಲ, ಓದುವ ಅನುಕ್ರಮವನ್ನು ಸ್ವಲ್ಪ ಬದಲಿಸಿದರೆ ಸಾಕು. ಸಾಮಾನ್ಯವಾಗಿ ಪೂರೈಕೆದಾರರು ಸರಕಿನ ವಿವರಣೆಯಿಂದ ಓದಲು ಆರಂಭಿಸುತ್ತಾರೆ, ಏಕೆಂದರೆ ಅದು ಅವರಿಗೆ ಗೊತ್ತಿರುವ ವಿಷಯ. 'ಇದನ್ನು ನಾವು ಮಾಡಬಲ್ಲೆವು' ಎಂಬ ಉತ್ಸಾಹ ಅಲ್ಲೇ ಹುಟ್ಟಿಬಿಡುತ್ತದೆ, ಮುಂದಿನ ಪುಟಗಳನ್ನು ಆ ಉತ್ಸಾಹದ ಕಣ್ಣಿನಲ್ಲೇ ಓದುತ್ತಾರೆ. ನಾನು ಹೇಳುವುದು, ಮೊದಲು ದಿನಾಂಕಗಳ ಪುಟ, ಆಮೇಲೆ ಅರ್ಹತಾ ಮಾನದಂಡಗಳು, ಆಮೇಲೆ ಮೌಲ್ಯಮಾಪನದ ವಿಧಾನ, ಅದಾದ ಮೇಲೆ ಒಪ್ಪಂದದ ಷರತ್ತುಗಳು, ಕೊನೆಯಲ್ಲಿ ಸರಕಿನ ವಿವರಣೆ.

ಅರ್ಹತಾ ಮಾನದಂಡಗಳಲ್ಲಿ ಎರಡು ಬಗೆ ಇರುತ್ತವೆ, ಅವನ್ನು ಬೇರ್ಪಡಿಸಿ ಓದಬೇಕು. ಕೆಲವು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂಬಂಥವು: ಇಷ್ಟು ವರ್ಷದ ಅನುಭವ, ಇಷ್ಟು ವಾರ್ಷಿಕ ವಹಿವಾಟು, ಇಂಥ ಗುಣಮಟ್ಟದ ಪ್ರಮಾಣಪತ್ರ. ಇವುಗಳಲ್ಲಿ ಒಂದನ್ನು ಪೂರೈಸಲಾಗದಿದ್ದರೂ ಉಳಿದ ಕಡೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಇನ್ನು ಕೆಲವು ಅಂಕ ಕೊಡುವಂಥವು, ಅಲ್ಲಿ ಸ್ವಲ್ಪ ಕಡಿಮೆಯಾದರೂ ಬೇರೆಡೆ ತುಂಬಿಕೊಳ್ಳಬಹುದು. ದಾಖಲೆಯಲ್ಲಿ 'ಕಡ್ಡಾಯವಾಗಿ', 'ತಕ್ಕದ್ದು', 'ತಿರಸ್ಕರಿಸಲಾಗುವುದು' ಎಂಬ ಪದಗಳಿರುವ ಪ್ರತಿಯೊಂದು ವಾಕ್ಯವನ್ನೂ ಬೇರೆ ಹಾಳೆಯಲ್ಲಿ ಬರೆದುಕೊಂಡು, ಪಕ್ಕದಲ್ಲಿ ಅದಕ್ಕೆ ನಿಮ್ಮ ಬಳಿ ಇರುವ ದಾಖಲೆಯ ಹೆಸರನ್ನೂ ಅದರ ಅವಧಿ ಮುಗಿಯುವ ದಿನಾಂಕವನ್ನೂ ನಮೂದಿಸಿ. ಪಕ್ಕದ ಅಂಕಣದಲ್ಲಿ ಖಾಲಿ ಉಳಿದ ಜಾಗಗಳೇ ನಿಮಗೆ ಉತ್ತರ ಕೊಡುತ್ತವೆ.

ಒಪ್ಪಂದದ ಷರತ್ತುಗಳನ್ನು ಮಾತ್ರ ಅವಸರದಲ್ಲಿ ಓದಬೇಡಿ. ಹಣ ಎಷ್ಟು ದಿನಗಳಲ್ಲಿ ಪಾವತಿಯಾಗುತ್ತದೆ, ತಡವಾದರೆ ವಾರಕ್ಕೆ ಎಷ್ಟು ದಂಡ, ದಂಡಕ್ಕೆ ಗರಿಷ್ಠ ಮಿತಿ ಇದೆಯೇ, ಕಚ್ಚಾವಸ್ತುವಿನ ಬೆಲೆ ಏರಿದರೆ ದರ ಪರಿಷ್ಕರಣೆಗೆ ಅವಕಾಶವಿದೆಯೇ, ತಲುಪಿಸಬೇಕಾದ ಸ್ಥಳ ಒಂದೋ ಹತ್ತೋ ಎಂಬುದೆಲ್ಲ ಅಲ್ಲಿರುತ್ತದೆ. ತೊಂಬತ್ತು ದಿನಗಳ ನಂತರ ಪಾವತಿ ಎಂದಿದ್ದರೆ ಆ ತೊಂಬತ್ತು ದಿನಗಳ ಬಡ್ಡಿ ನಿಮ್ಮದು, ಅದನ್ನು ದರದಲ್ಲಿ ಸೇರಿಸದೆ ಟೆಂಡರ್ ಗೆದ್ದವರು ಗೆದ್ದ ಮೇಲೆ ಸೋಲುತ್ತಾರೆ. ನಾಲ್ಕು ಟೆಂಡರ್‌ಗಳಿಗೆ ಅರೆಬರೆ ಬಿಡ್ ಹಾಕುವುದಕ್ಕಿಂತ ಮೂರನ್ನು ಬಿಟ್ಟು ಒಂದಕ್ಕೆ ಸರಿಯಾಗಿ ಹಾಕುವುದು ಲಾಭದಾಯಕ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ದಾಖಲೆಯ ಒಂದು ಷರತ್ತು ಎರಡು ಅರ್ಥ ಕೊಡುತ್ತದೆ. ವೇದಿಕೆಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಎಲ್ಲ ಸ್ಪರ್ಧಿಗಳಿಗೂ ಕಾಣಿಸುತ್ತದೆಯಂತೆ. ಕೇಳದೆ ನಮಗೆ ತೋಚಿದಂತೆ ಅರ್ಥೈಸಿಕೊಳ್ಳುವುದು ಒಳ್ಳೆಯದಲ್ಲವೇ?

ಉತ್ತರ: ದಯವಿಟ್ಟು ಕೇಳಿ. ಉತ್ತರ ಎಲ್ಲರಿಗೂ ಕಾಣಿಸುವುದು ನಿಜ, ಅದು ಸಮಾನ ಅವಕಾಶದ ನಿಯಮ; ಆದರೆ ಕೇಳಿದವರ ಹೆಸರನ್ನು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ನಿಮ್ಮ ಪ್ರಶ್ನೆಯಲ್ಲೇ ನಿಮ್ಮ ತಂತ್ರ ಬಯಲಾಗದಂತೆ ಬರೆಯುವುದು ಮಾತ್ರ ನಿಮ್ಮ ಕೈಯಲ್ಲಿದೆ. 'ನಾವು ರಬ್ಬರ್‌ಮರದ ಹಲಗೆ ಬಳಸಬಹುದೇ?' ಎಂದು ಕೇಳುವ ಬದಲು, 'ಷರತ್ತು 4.2ರಲ್ಲಿ ಗಟ್ಟಿಮರ ಎಂಬುದರ ವ್ಯಾಖ್ಯೆಯಲ್ಲಿ ಯಾವ ಜಾತಿಗಳು ಸೇರುತ್ತವೆ?' ಎಂದು ಕೇಳಿ. ಪ್ರಶ್ನೆಗಳಿಗೂ ಕೊನೆಯ ದಿನಾಂಕ ಇರುತ್ತದೆ, ಅದು ಬಿಡ್‌ನ ಕೊನೆಯ ದಿನಕ್ಕಿಂತ ಸಾಕಷ್ಟು ಮೊದಲೇ ಬರುತ್ತದೆ. ಬಿಡ್‌ಗೆ ಮೊದಲು ಖರೀದಿದಾರರು ಸ್ಪರ್ಧಿಗಳೊಂದಿಗೆ ನಡೆಸುವ ಪ್ರೀ-ಬಿಡ್ ಸಭೆ ಕರೆದಿದ್ದರೆ ತಪ್ಪಿಸಿಕೊಳ್ಳಬೇಡಿ. ದಾಖಲೆ ಬರೆದವರ ಮನಸ್ಸಿನಲ್ಲಿ ಯಾವುದು ಮುಖ್ಯವಾಗಿದೆ ಎಂಬುದು ಅವರ ಮಾತಿನಲ್ಲಿ ತಿಳಿಯುತ್ತದೆ. ಆದರೆ ಸಭೆಯಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಉತ್ತರವನ್ನು ನಂಬಿ ಬಿಡ್ ಹಾಕಬಾರದು, ಅದು ಲಿಖಿತವಾಗಿ ವೇದಿಕೆಯಲ್ಲಿ ಬರುವವರೆಗೂ ಕಾಯಬೇಕು.

ಇದರ ಜೊತೆಗೇ ತಿದ್ದುಪಡಿಗಳ ವಿಷಯ. ಪ್ರಶ್ನೆಗಳ ನಂತರ ದಾಖಲೆಯಲ್ಲಿ ಬದಲಾವಣೆಯಾದರೆ ತಿದ್ದುಪಡಿ ಪ್ರಕಟವಾಗುತ್ತದೆ. ಅದರೊಂದಿಗೆ ಕೆಲವೊಮ್ಮೆ ದರಪಟ್ಟಿಯ ನಮೂನೆಯೇ ಬದಲಾಗಿರುತ್ತದೆ. ಹಳೆಯ ನಮೂನೆ ತುಂಬಿ ಅಪ್‌ಲೋಡ್ ಮಾಡಿದವರ ಬಿಡ್ ನಿಲ್ಲುವುದಿಲ್ಲ. ಮೊದಲೇ ಸಲ್ಲಿಸಿದ್ದರೂ ಕೊನೆಯ ದಿನದವರೆಗೆ ವೇದಿಕೆಯನ್ನು ನೋಡುತ್ತಿರಿ, ತಿದ್ದುಪಡಿ ಬಂದರೆ ಬಿಡ್ ಬದಲಿಸಿ ಮತ್ತೆ ಸಲ್ಲಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ.

ಪ್ರಶ್ನೆ: ನಮ್ಮ ದರವನ್ನು ಕಂಪ್ಯೂಟರ್‌ನಲ್ಲಿ ತುಂಬಿದ ಕೂಡಲೇ ಅಧಿಕಾರಿಗಳಿಗೋ ಪ್ರತಿಸ್ಪರ್ಧಿಗಳಿಗೋ ತಿಳಿದುಬಿಡುವುದಿಲ್ಲವೇ? ಮೊಹರು ಹಾಕಿದ ಲಕೋಟೆಯೇ ಮೇಲಲ್ಲವೇ?

ಉತ್ತರ: ನಿಮ್ಮ ಆತಂಕ ಸಹಜವಾದದ್ದು, ಆದ್ದರಿಂದ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿವರಿಸುತ್ತೇನೆ. ಸರಿಯಾಗಿ ರೂಪಿಸಿದ ವೇದಿಕೆಗಳಲ್ಲಿ ಒಂದು ಬೀಗಕ್ಕೆ ಎರಡು ಕೀಲಿಗಳಿರುತ್ತವೆ ಎಂದುಕೊಳ್ಳಿ: ಒಂದು ಹಾಕಲು, ಇನ್ನೊಂದು ತೆಗೆಯಲು. ಹಾಕುವ ಕೀಲಿ ಎಲ್ಲರಿಗೂ ಸಿಗುತ್ತದೆ. ನೀವು ಬಿಡ್ ಸಲ್ಲಿಸುವಾಗ ಅದು ಆ ಕೀಲಿಯಿಂದ ಬೀಗ ಬಿದ್ದು ಗೂಢಲಿಪಿಯ ರೂಪದಲ್ಲಿ ಸರ್ವರ್‌ನಲ್ಲಿ ಉಳಿಯುತ್ತದೆ. ತೆಗೆಯುವ ಕೀಲಿ ಟೆಂಡರ್ ತೆರೆಯಲು ನೇಮಕವಾದ ಅಧಿಕಾರಿಗಳ ಬಳಿ ಇರುತ್ತದೆ, ಅನೇಕ ಕಡೆ ಇಬ್ಬರು ಅಥವಾ ಹೆಚ್ಚು ಮಂದಿಯ ಕೀಲಿಗಳು ಒಟ್ಟಿಗೆ ಬೇಕಾಗುತ್ತವೆ, ನಿಗದಿತ ಸಮಯಕ್ಕೆ ಮೊದಲು ತೆರೆಯಲು ವೇದಿಕೆ ಬಿಡುವುದಿಲ್ಲ. ಯಾರು ಯಾವಾಗ ಏನನ್ನು ತೆರೆದರು ಎಂಬುದು ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗುತ್ತದೆ. ಕಾಗದದ ಲಕೋಟೆಯನ್ನು ಹಬೆ ತೋರಿಸಿ ಬಿಚ್ಚಿ ಮತ್ತೆ ಅಂಟಿಸಿದರೆ ಅಂತಹ ಯಾವ ದಾಖಲೆಯೂ ಉಳಿಯುತ್ತಿರಲಿಲ್ಲ.

ನನ್ನ ಅನುಭವದಲ್ಲಿ ಗುಟ್ಟು ಸೋರುವುದು ಹೆಚ್ಚಾಗಿ ಪೂರೈಕೆದಾರರ ಕಡೆಯಿಂದಲೇ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅನ್ನೂ ಅದರ ಪಾಸ್‌ವರ್ಡ್ ಬರೆದ ಚೀಟಿಯನ್ನೂ ಒಂದೇ ಕವರಿನಲ್ಲಿಟ್ಟು, ಟೆಂಡರ್ ಹಾಕಿಕೊಡುವ ಏಜೆಂಟರ ಕೈಗೆ ಕೊಟ್ಟು ಬರುವವರನ್ನು ನಾನು ಕಂಡಿದ್ದೇನೆ. ಅದೇ ಏಜೆಂಟರು ಅದೇ ಟೆಂಡರ್‌ಗೆ ಇನ್ನೂ ಇಬ್ಬರ ಬಿಡ್ ತುಂಬುತ್ತಿರಬಹುದು. ಡಿಜಿಟಲ್ ಸಹಿಯನ್ನು ಬಿಟ್ಟುಕೊಡುವುದೆಂದರೆ ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ಬಿಟ್ಟುಕೊಟ್ಟಂತೆ. ಆ ಸಹಿಯಿಂದ ಹೋದ ಪ್ರತಿಯೊಂದಕ್ಕೂ ಕಾನೂನಿನ ಕಣ್ಣಿನಲ್ಲಿ ನೀವೇ ಹೊಣೆ. ಬೇರೆಯವರ ನೆರವು ಪಡೆದರೂ ದರ ತುಂಬುವುದು ಮತ್ತು ಸಹಿ ಹಾಕುವುದು ನಿಮ್ಮ ಕೈಯಿಂದಲೇ ಆಗಲಿ. ಸಹಿಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ಅದು ಮುಗಿಯುವ ತಿಂಗಳ ಮೊದಲೇ ನವೀಕರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಬಿಡ್ ತಾಂತ್ರಿಕ ಹಂತದಲ್ಲೇ ತಿರಸ್ಕೃತವಾಯಿತು. ಕಾರಣ, ತಾಂತ್ರಿಕ ಲಕೋಟೆಯಲ್ಲಿ ದರ ಕಾಣಿಸಿತಂತೆ. ಇಷ್ಟು ಸಣ್ಣ ವಿಷಯಕ್ಕೆ ಹೊರಗಿಡುವುದು ಅನ್ಯಾಯವಲ್ಲವೇ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಹಿಂದೊಮ್ಮೆ ನಾನಿದ್ದ ಸಮಿತಿಯ ಮುಂದೆ ಇಂಥದ್ದೇ ಬಿಡ್ ಬಂದಿತ್ತು. ಅರ್ಜಿ ಅಚ್ಚುಕಟ್ಟಾಗಿತ್ತು, ಪ್ರಮಾಣಪತ್ರಗಳೆಲ್ಲ ಸರಿಯಾಗಿದ್ದವು, ಮಾದರಿಯೂ ಚೆನ್ನಾಗಿತ್ತು. ಅವರು ಉತ್ಪನ್ನಗಳ ಪರಿಚಯ ಪುಸ್ತಿಕೆಯನ್ನು ತಾಂತ್ರಿಕ ಲಕೋಟೆಗೆ ಸೇರಿಸಿದ್ದರು, ಅದರ ಕೊನೆಯ ಪುಟದ ಕೆಳತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ದರಪಟ್ಟಿ ಅಚ್ಚಾಗಿತ್ತು. ಪುಟ ತಿರುವಿದ ಸದಸ್ಯರು ಕೆಲಹೊತ್ತು ಸುಮ್ಮನೆ ಕುಳಿತರು. ನಿಯಮ ಸ್ಪಷ್ಟವಾಗಿದ್ದುದರಿಂದ ನಮಗೆ ಬೇರೆ ದಾರಿ ಇರಲಿಲ್ಲ.

ನಿಯಮಕ್ಕೆ ಕಾರಣವಿದೆ. ತಾಂತ್ರಿಕ ಕಡತಗಳನ್ನೂ ದರವನ್ನೂ ಬೇರೆ ಬೇರೆಯಾಗಿ ಸಲ್ಲಿಸುವ ಎರಡು ಲಕೋಟೆಗಳ ಪದ್ಧತಿಯಲ್ಲಿ ತಾಂತ್ರಿಕ ಬಿಡ್ ಪರಿಶೀಲಿಸುವವರಿಗೆ ದರ ಗೊತ್ತಿರಬಾರದು, ಗೊತ್ತಾದರೆ ಅಗ್ಗದ ಸರಕಿನ ದೋಷ ಸಣ್ಣದಾಗಿಯೂ ದುಬಾರಿ ಸರಕಿನ ದೋಷ ದೊಡ್ಡದಾಗಿಯೂ ಕಾಣಿಸತೊಡಗುತ್ತದೆ. ನಾವೆಲ್ಲ ಮನುಷ್ಯರು. ಹಾಗಾಗಿ ಅಪ್‌ಲೋಡ್ ಮಾಡುವ ಮೊದಲು ಪ್ರತಿ ಕಡತವನ್ನೂ ತೆರೆದು ಕೊನೆಯ ಪುಟದವರೆಗೆ ನೋಡಿ. ಹಳೆಯ ಕಾರ್ಯಾದೇಶಗಳ ಪ್ರತಿ, ಖಾತರಿಪತ್ರ, ಪುಸ್ತಿಕೆ ಇವುಗಳಲ್ಲಿ ಈಗಿನ ದರ ಊಹಿಸಬಹುದಾದ ಅಂಕಿ ಇದೆಯೇ ಎಂದು ಪರೀಕ್ಷಿಸಿ. ಕಡತದ ಹೆಸರಿನಲ್ಲಿಯೂ ಮೊತ್ತ ಬರೆಯಬೇಡಿ.

ದರಪಟ್ಟಿಯ ಎಕ್ಸೆಲ್ ನಮೂನೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಬಣ್ಣ ಹಾಕಿದ ಕೋಶಗಳನ್ನು ಮಾತ್ರ ತುಂಬಬೇಕು. ಸಾಲು ಸೇರಿಸಿದರೆ, ಕಡತದ ಹೆಸರು ಬದಲಿಸಿದರೆ, ಸಂಖ್ಯೆಯ ಜಾಗದಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದರೆ ವೇದಿಕೆ ಅದನ್ನು ಸ್ವೀಕರಿಸದೇ ಇರಬಹುದು. ಒಂದು ಕುರ್ಚಿಯ ದರ ಕೇಳಿದ ಕೋಶದಲ್ಲಿ ನೂರು ಕುರ್ಚಿಗಳ ಮೊತ್ತ ಬರೆದವರನ್ನೂ, ತೆರಿಗೆ ಸೇರಿಸಿ ಎಂದಲ್ಲಿ ಬಿಟ್ಟವರನ್ನೂ ನೋಡಿದ್ದೇನೆ. ತುಂಬಿದವರನ್ನು ಬಿಟ್ಟು ಇನ್ನೊಬ್ಬರು ಆ ಹಾಳೆಯನ್ನು ಒಮ್ಮೆ ಓದಲಿ.

ಪ್ರಶ್ನೆ: ಕಡಿಮೆ ದರ ಹಾಕಿದವರಿಗೇ ಕೊನೆಗೆ ಸಿಗುವುದಾದರೆ, ಗುಣಮಟ್ಟ ಕಾಯ್ದುಕೊಳ್ಳುವ ನಮ್ಮಂಥವರು ಭಾಗವಹಿಸುವುದರಲ್ಲಿ ಅರ್ಥವಿದೆಯೇ? ದರವನ್ನು ಎಷ್ಟು ಇಳಿಸಬೇಕು?

ಉತ್ತರ: ಎಲ್ಲ ಟೆಂಡರ್‌ಗಳೂ ಹಾಗಿರುವುದಿಲ್ಲ, ಯಾವುದು ಹೇಗೆ ಎಂಬುದು ದಾಖಲೆಯಲ್ಲೇ ಬರೆದಿರುತ್ತದೆ. ಕೆಲವದರಲ್ಲಿ ಅರ್ಹರಾದವರ ಪೈಕಿ ಕನಿಷ್ಠ ದರದವರಿಗೆ, ಅಂದರೆ ಎಲ್-1 ಆದವರಿಗೆ ಸಿಗುತ್ತದೆ. ಇನ್ನು ಕೆಲವದರಲ್ಲಿ ಗುಣಮಟ್ಟಕ್ಕೂ ದರಕ್ಕೂ ಬೇರೆ ಬೇರೆ ಅಂಕಗಳಿದ್ದು, ಎರಡನ್ನೂ ಕೂಡಿಸಿ ನಿರ್ಧರಿಸುತ್ತಾರೆ. ಈ ಎರಡನೆಯ ಬಗೆಯಲ್ಲಿ ಲೆಕ್ಕ ಹೇಗೆ ತಿರುಗುತ್ತದೆ ನೋಡಿ. ಒಂದು ಸಂಸ್ಥೆಯ ದರ 100, ಗುಣಮಟ್ಟದಲ್ಲಿ ಅದಕ್ಕೆ ನೂರಕ್ಕೆ 70 ಅಂಕ. ಇನ್ನೊಂದರ ದರ 115, ಗುಣಮಟ್ಟದಲ್ಲಿ 90 ಅಂಕ. ಕನಿಷ್ಠ ದರದವರಿಗೆ ದರದ ಪೂರ್ತಿ ಅಂಕ, ಉಳಿದವರಿಗೆ ಕನಿಷ್ಠ ದರವನ್ನು ಅವರ ದರದಿಂದ ಭಾಗಿಸಿ ಬಂದ ಪ್ರಮಾಣದಷ್ಟು ಅಂಕ ಎಂಬುದು ಸಾಮಾನ್ಯ ಸೂತ್ರ. ಗುಣಮಟ್ಟಕ್ಕೆ 60, ದರಕ್ಕೆ 40 ಎಂದು ನಿಗದಿಯಾಗಿದ್ದರೆ ಮೊದಲನೆಯವರಿಗೆ 42 ಮತ್ತು 40 ಸೇರಿ 82 ಅಂಕ. ಎರಡನೆಯವರಿಗೆ 54 ಮತ್ತು 34.78 ಸೇರಿ 88.78 ಅಂಕ. ಶೇಕಡಾ 15ರಷ್ಟು ದುಬಾರಿಯಾದರೂ ಎರಡನೆಯವರೇ ಗೆಲ್ಲುತ್ತಾರೆ. ಅದೇ ಗುಣಮಟ್ಟಕ್ಕೆ 30, ದರಕ್ಕೆ 70 ಆಗಿದ್ದರೆ ಮೊದಲನೆಯವರಿಗೆ 91, ಎರಡನೆಯವರಿಗೆ 87.87. ನೀವು ಗುಣಮಟ್ಟದವರಾದರೆ ಯಾವ ಟೆಂಡರ್ ಹುಡುಕಬೇಕು ಎಂಬುದಕ್ಕೆ ಈ ಲೆಕ್ಕವೇ ದಾರಿ ತೋರಿಸುತ್ತದೆ.

ಎಷ್ಟು ಇಳಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ, ಇಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಅಂಕಿಯನ್ನು ಟೆಂಡರ್ ದಿನಕ್ಕೆ ಮೊದಲೇ ಶಾಂತ ಮನಸ್ಸಿನಿಂದ ಬರೆದಿಟ್ಟುಕೊಳ್ಳಿ. ರಿವರ್ಸ್ ಆಕ್ಷನ್ ಎಂಬ ಇಳಿಕೆ ಹರಾಜಿನಲ್ಲಿ ಇದು ಇನ್ನೂ ಮುಖ್ಯ. ಉಕ್ರೇನಿನ ಪ್ರೊಝೊರೊ ವೇದಿಕೆಯಲ್ಲಿ ಮೂರು ಸುತ್ತುಗಳ ಇಂತಹ ಹರಾಜು ನಡೆಯುತ್ತದೆ, ಬೇರೆ ಕೆಲವು ವೇದಿಕೆಗಳಲ್ಲಿ ಕೊನೆಯ ನಿಮಿಷಗಳಲ್ಲಿ ಯಾರಾದರೂ ದರ ಇಳಿಸಿದರೆ ಸಮಯ ತಾನಾಗಿ ಮುಂದುವರಿಯುತ್ತದೆ. ಪರದೆಯ ಮೇಲೆ ಇನ್ನೊಬ್ಬರ ದರ ನಿಮಗಿಂತ ಒಂದಿಷ್ಟು ಕೆಳಗೆ ಕಾಣಿಸಿ, ಎರಡು ನಿಮಿಷದ ಗಡಿಯಾರ ಓಡುತ್ತಿರುವಾಗ ತೆಗೆದುಕೊಂಡ ನಿರ್ಧಾರದ ಭಾರವನ್ನು ಎರಡು ವರ್ಷ ಹೊರಬೇಕಾಗುತ್ತದೆ. ಅತಿ ಕಡಿಮೆ ದರ ಹಾಕಿದವರನ್ನು ವಿವರಣೆ ಕೇಳುವ ಪದ್ಧತಿಯೂ ಇದೆ. ಯುರೋಪಿಯನ್ ಒಕ್ಕೂಟದ 2014ರ ಖರೀದಿ ನಿರ್ದೇಶನದ ಪ್ರಕಾರ, ಅಸಹಜವಾಗಿ ಕಡಿಮೆ ಎನಿಸಿದ ಬಿಡ್‌ಗೆ ಖರೀದಿದಾರರು ವಿವರಣೆ ಕೇಳಲೇಬೇಕು. ನಿಮ್ಮ ದರದ ಹಿಂದಿನ ಲೆಕ್ಕದ ಹಾಳೆಯನ್ನು ಜೋಪಾನವಾಗಿಟ್ಟುಕೊಳ್ಳಿ.

ಪ್ರಶ್ನೆ: ಅನುಭವ, ವಹಿವಾಟು ಎರಡರಲ್ಲೂ ನಾವು ಸಣ್ಣವರು. ದೊಡ್ಡವರ ನಡುವೆ ನಮಗೆ ಜಾಗವಿದೆಯೇ?

ಉತ್ತರ: ಇದೆ. ಮೊದಲನೆಯದಾಗಿ, ದೊಡ್ಡ ಖರೀದಿಯನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ ಕರೆದ ಟೆಂಡರ್‌ಗಳನ್ನು ಹುಡುಕಿ, ಅಲ್ಲಿ ಒಂದು ಭಾಗಕ್ಕೆ ಮಾತ್ರ ಬಿಡ್ ಹಾಕಬಹುದು. ಎರಡನೆಯದಾಗಿ, ದಾಖಲೆಯಲ್ಲಿ ಅವಕಾಶವಿದ್ದರೆ ಇನ್ನೊಂದು ಸಂಸ್ಥೆಯೊಂದಿಗೆ ಜಂಟಿಯಾಗಿ ಬಿಡ್ ಹಾಕಬಹುದು. ಹಾಗೆ ಮಾಡುವಾಗ ಯಾರ ಪಾಲು ಎಷ್ಟು, ಒಬ್ಬರು ಕೈಬಿಟ್ಟರೆ ಹೊಣೆ ಯಾರದ್ದು ಎಂಬುದನ್ನು ಬಿಡ್‌ಗೆ ಮೊದಲೇ ಕರಾರುಪತ್ರದಲ್ಲಿ ಬರೆದುಕೊಳ್ಳಿ. ಖರೀದಿದಾರರ ದೃಷ್ಟಿಯಲ್ಲಿ ಜಂಟಿ ಬಿಡ್‌ನ ಪಾಲುದಾರರೆಲ್ಲರೂ ಸಾಮಾನ್ಯವಾಗಿ ಪೂರ್ತಿ ಕೆಲಸಕ್ಕೆ ಹೊಣೆಗಾರರು. ಮೂರನೆಯದಾಗಿ, ಗೆದ್ದ ದೊಡ್ಡ ಸಂಸ್ಥೆಗೆ ಉಪಗುತ್ತಿಗೆದಾರರಾಗಿ ಕೆಲಸ ಮಾಡಿ ಅನುಭವ ಪತ್ರ ಪಡೆಯುವುದು ನಿಧಾನವಾದರೂ ಗಟ್ಟಿಯಾದ ದಾರಿ. ಕೆಲವು ದೇಶಗಳಲ್ಲಿ ನಿಯಮಗಳೂ ಸಣ್ಣವರ ಪರವಾಗಿವೆ: ಯುರೋಪಿನ ಅದೇ ನಿರ್ದೇಶನದಲ್ಲಿ, ವಿಶೇಷ ಕಾರಣವಿಲ್ಲದೆ ಗುತ್ತಿಗೆಯ ಅಂದಾಜು ಮೊತ್ತದ ಎರಡು ಪಟ್ಟಿಗಿಂತ ಹೆಚ್ಚಿನ ವಾರ್ಷಿಕ ವಹಿವಾಟು ಕೇಳುವಂತಿಲ್ಲ. ಭಾರತದ 2017ರ ಸಾಮಾನ್ಯ ಹಣಕಾಸು ನಿಯಮಗಳು ಬಿಡ್ ಜೊತೆಗೆ ಇಡಬೇಕಾದ ಭದ್ರತಾ ಠೇವಣಿಯನ್ನು ಅಂದಾಜು ಮೌಲ್ಯದ ಶೇಕಡಾ 2ರಿಂದ 5ರ ನಡುವೆ ಇರಿಸಿ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಅದರಿಂದ ವಿನಾಯಿತಿ ನೀಡಿವೆ. ನಿಮಗೆ ಅನ್ವಯಿಸುವ ವಿನಾಯಿತಿ ಇದ್ದರೆ ಅದನ್ನು ಕೇಳಿ ಪಡೆಯಬೇಕು, ಪುರಾವೆಯನ್ನೂ ಬಿಡ್ ಜೊತೆಗೇ ಲಗತ್ತಿಸಬೇಕು.

ಪ್ರಶ್ನೆ: ಸಂಜೆ 5 ಗಂಟೆ ಕೊನೆಯ ಸಮಯವಾಗಿತ್ತು. 4.40ಕ್ಕೆ ಅಪ್‌ಲೋಡ್ ಆರಂಭಿಸಿದೆವು, ಕಡತ ಅರ್ಧದಲ್ಲೇ ನಿಂತಿತು. ಮತ್ತೆ ಪ್ರಯತ್ನಿಸುವಷ್ಟರಲ್ಲಿ ಸಮಯ ಮುಗಿದಿತ್ತು. ಏನಾದರೂ ಪರಿಹಾರ ಸಿಗುತ್ತದೆಯೇ?

ಉತ್ತರ: ವೇದಿಕೆಯ ಸರ್ವರ್‌ನಲ್ಲೇ ತೊಂದರೆಯಾಗಿತ್ತು ಎಂದು ಸಾಬೀತಾದರೆ ಖರೀದಿದಾರರು ಸಮಯ ವಿಸ್ತರಿಸಬಹುದು, ಅದಕ್ಕೆ ಪರದೆಯ ಚಿತ್ರ, ದೋಷಸಂದೇಶ, ಸಹಾಯವಾಣಿಗೆ ಆ ಕ್ಷಣವೇ ಕಳುಹಿಸಿದ ದೂರಿನ ಸಂಖ್ಯೆ ಬೇಕು. ನಿಮ್ಮ ಕಡೆಯ ಇಂಟರ್‌ನೆಟ್ ನಿಧಾನವಾಗಿದ್ದರೆ ಅಥವಾ ವಿದ್ಯುತ್ ಹೋಗಿದ್ದರೆ ಅದು ನಿಮ್ಮ ಹೊಣೆ ಎಂದೇ ಹೆಚ್ಚಿನ ದಾಖಲೆಗಳಲ್ಲಿ ಬರೆದಿರುತ್ತದೆ. ಈ ಬಾರಿ ಕೈತಪ್ಪಿದ್ದಕ್ಕೆ ನನಗೂ ಖೇದವಿದೆ, ಮುಂದಿನ ಬಾರಿಗೆ ಕೆಲವು ವಿಷಯ ತಿಳಿದಿರಲಿ.

ಲೆಕ್ಕಕ್ಕೆ ಬರುವುದು ಸರ್ವರ್‌ನ ಗಡಿಯಾರ, ನಿಮ್ಮ ಕೈಗಡಿಯಾರ ಅಲ್ಲ. ಬೇರೆ ದೇಶದ ಟೆಂಡರ್ ಆದರೆ ಯಾವ ಕಾಲವಲಯದ 5 ಗಂಟೆ ಎಂಬುದನ್ನೂ ನೋಡಬೇಕು. ಸ್ಕ್ಯಾನ್ ಮಾಡುವಾಗ ಬಣ್ಣದ ಬದಲು ಕಪ್ಪುಬಿಳುಪು ಆರಿಸಿದರೆ ಕಡತದ ಗಾತ್ರ ಬಹಳ ಕಡಿಮೆಯಾಗುತ್ತದೆ, ವೇದಿಕೆಯ ಗಾತ್ರಮಿತಿಯನ್ನು ಮೊದಲೇ ತಿಳಿದುಕೊಂಡಿರಿ. ಇನ್ನೊಂದು ಮುಖ್ಯ ವಿಷಯ: ಕಡತ ಅಪ್‌ಲೋಡ್ ಆಗುವುದು ಬೇರೆ, ಬಿಡ್ ಸಲ್ಲಿಕೆಯಾಗುವುದು ಬೇರೆ. ಎಲ್ಲ ಕಡತಗಳನ್ನೂ ಸೇರಿಸಿ, ಕೊನೆಯ 'ಸಲ್ಲಿಸಿ' ಗುಂಡಿಯನ್ನು ಒತ್ತದೆ ಕಂಪ್ಯೂಟರ್ ಮುಚ್ಚಿ ಹೋದ ಬಿಡ್‌ಗಳು ಕರಡಾಗಿಯೇ ಉಳಿದುಬಿಡುತ್ತವೆ, ಸಮಿತಿಗೆ ಅವು ಕಾಣಿಸುವುದೇ ಇಲ್ಲ. ದಿನಾಂಕ, ಸಮಯ, ಬಿಡ್ ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೈಗೆ ಬಂದ ಮೇಲೆಯೇ ಸಲ್ಲಿಕೆ ಮುಗಿಯಿತು ಎಂದು ತಿಳಿಯಿರಿ. ಕನಿಷ್ಠ ಎರಡು ದಿನ ಮೊದಲು ಸಲ್ಲಿಸುವುದನ್ನು ರೂಢಿ ಮಾಡಿಕೊಳ್ಳಿ, ಬದಲಾವಣೆ ಬೇಕಾದರೆ ಕೊನೆಯ ಗಳಿಗೆಯವರೆಗೂ ತಿದ್ದಿ ಮತ್ತೆ ಸಲ್ಲಿಸುವ ಅವಕಾಶ ಸಾಮಾನ್ಯವಾಗಿ ಇರುತ್ತದೆ.

ಪ್ರಶ್ನೆ: ಇದೇ ಕ್ಷೇತ್ರದ ಒಬ್ಬರು ಫೋನ್ ಮಾಡಿ, 'ಈ ಟೆಂಡರ್ ನಮಗೆ ಬಿಡಿ, ನೀವು ಸ್ವಲ್ಪ ಹೆಚ್ಚಿನ ದರ ಹಾಕಿ, ಮುಂದಿನದು ನಿಮಗೆ' ಎಂದರು. ಎಲ್ಲರೂ ಹೀಗೇ ಮಾಡುತ್ತಾರಂತೆ. ಏನು ಮಾಡಲಿ?

ಉತ್ತರ: ಒಪ್ಪಬೇಡಿ. ಇದು ಬಿಡ್‌ದಾರರ ಒಳಒಪ್ಪಂದ, ಬಹುತೇಕ ದೇಶಗಳಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದರೆ ದಂಡದ ಜೊತೆಗೆ ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಯಾವ ಟೆಂಡರ್‌ನಲ್ಲೂ ಭಾಗವಹಿಸಲಾಗದ ಸ್ಥಿತಿ ಬರುತ್ತದೆ. ಆನ್‌ಲೈನ್‌ನಲ್ಲಿ ಇದನ್ನು ಪತ್ತೆಹಚ್ಚುವುದು ಮೊದಲಿಗಿಂತ ಸುಲಭವಾಗಿದೆ: ಇಬ್ಬರು ಸ್ಪರ್ಧಿಗಳ ಬಿಡ್‌ಗಳು ಒಂದೇ ಇಂಟರ್‌ನೆಟ್ ವಿಳಾಸದಿಂದ ಬಂದಿರುತ್ತವೆ, ಇಬ್ಬರ ಕಡತಗಳನ್ನೂ ಒಂದೇ ಕಂಪ್ಯೂಟರ್ ಸೃಷ್ಟಿಸಿರುತ್ತದೆ, ಒಂದೇ ಕಾಗುಣಿತ ತಪ್ಪು ಎರಡರಲ್ಲೂ ಇರುತ್ತದೆ. ಆ ಕರೆಯ ದಿನಾಂಕ, ಸಮಯ ಬರೆದಿಟ್ಟುಕೊಂಡು ನಿಮ್ಮ ಸ್ವಂತ ದರವನ್ನೇ ಹಾಕಿ. ಖರೀದಿ ಸಂಸ್ಥೆಗೂ ತಿಳಿಸಿ. ಹೀಗೆ ಏರಿಸಿದ ದರವನ್ನು ತೆರುವುದು ಜನರ ಹಣ.

ಪ್ರಶ್ನೆ: ಮೂರು ಬಾರಿ ಸೋತೆವು. ಪ್ರತಿ ಬಾರಿಯೂ 'ಆಯ್ಕೆಯಾಗಿಲ್ಲ' ಎಂಬ ಒಂದು ಸಾಲಿನ ಸಂದೇಶ ಬರುತ್ತದೆ. ಕಾರಣ ಕೇಳುವ ಹಕ್ಕು ನಮಗಿದೆಯೇ?

ಉತ್ತರ: ಅನೇಕ ವ್ಯವಸ್ಥೆಗಳಲ್ಲಿ ಇದೆ, ದುರದೃಷ್ಟವಶಾತ್ ಬಹಳ ಕಡಿಮೆ ಜನ ಅದನ್ನು ಬಳಸುತ್ತಾರೆ. ವಿಶ್ವಬ್ಯಾಂಕಿನ ಸಾಲದಿಂದ ನಡೆಯುವ ಯೋಜನೆಗಳ ಖರೀದಿ ನಿಯಮಗಳಲ್ಲಿ, ಸೋತವರು ವಿವರಣೆ ಕೇಳುವ ಅವಕಾಶ ಪಡೆದಿದ್ದಾರೆ. ಫಲಿತಾಂಶ ತಿಳಿಸಿದ ನಂತರ, ಗೆದ್ದವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ 10 ಕೆಲಸದ ದಿನ ಕಾಯುವ ತಡೆ ಅವಧಿಯೂ ಸಾಮಾನ್ಯವಾಗಿ ಇರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ, ಫಲಿತಾಂಶವನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಳುಹಿಸಿದರೆ ಆ ಅವಧಿ ಕನಿಷ್ಠ 10 ದಿನ. ದೂರು ಸಲ್ಲಿಸಬೇಕಾದರೆ ಈ ದಿನಗಳೊಳಗೇ ಸಲ್ಲಿಸಬೇಕು, ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ದಾರಿ ಕಠಿಣವಾಗುತ್ತದೆ.

ಆದರೆ ದೂರಿಗಾಗಿ ಅಲ್ಲದಿದ್ದರೂ ಕೇಳಿ. ಕೇಳುವಾಗ 'ನಮ್ಮನ್ನು ಏಕೆ ಆರಿಸಲಿಲ್ಲ?' ಎಂದರೆ ಮತ್ತೆ ಒಂದು ಸಾಲಿನ ಉತ್ತರ ಬರುತ್ತದೆ. 'ಪ್ರತಿ ಮಾನದಂಡದಲ್ಲಿ ನಮಗೆ ಎಷ್ಟು ಅಂಕ ಬಂದಿವೆ, ಗೆದ್ದವರಿಗಿಂತ ಎಲ್ಲಿ ಹಿಂದುಳಿದೆವು, ಯಾವ ದಾಖಲೆ ಸಾಕಾಗಲಿಲ್ಲ?' ಎಂದು ವಿವರವಾಗಿ ಬರೆಯಿರಿ. ನಾನು ಖರೀದಿ ವಿಭಾಗದಲ್ಲಿದ್ದಾಗ ಇಂತಹ ಸಭ್ಯವಾದ ಪತ್ರಕ್ಕೆ ಉತ್ತರಿಸಲು ಸಂತೋಷವಾಗುತ್ತಿತ್ತು. ಒಬ್ಬ ಪೂರೈಕೆದಾರರು ಎರಡು ಬಾರಿ ಸೋತು, ಎರಡು ಬಾರಿಯೂ ಹೀಗೆ ಕೇಳಿ, ಉತ್ತರವನ್ನು ಮುಂದಿಟ್ಟುಕೊಂಡು ಮೂರನೆಯ ಬಿಡ್‌ನಲ್ಲಿ ವಿತರಣಾ ಯೋಜನೆಯನ್ನು ವಾರವಾರದ ಕೋಷ್ಟಕವಾಗಿ ಬರೆದು ತಂದರು. ಆ ಪುಟಕ್ಕೆ ಸಮಿತಿಯ ಎಲ್ಲ ಸದಸ್ಯರೂ ಹೆಚ್ಚಿನ ಅಂಕ ಕೊಟ್ಟರು. ನಿಮ್ಮ ಮೂರು ಸೋಲುಗಳಿಗೂ ಇವತ್ತೇ ಪತ್ರ ಬರೆಯಿರಿ, ಬಂದ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಮೂರರಲ್ಲೂ ಒಂದೇ ಮಾನದಂಡದಲ್ಲಿ ಅಂಕ ಕಳೆದುಕೊಂಡಿದ್ದರೆ, ನಾಲ್ಕನೆಯ ಬಿಡ್‌ನ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.

ಪ್ರಶ್ನೆ: ನಮ್ಮ ಬಿಡ್ ಅಂಗೀಕಾರವಾಗಿದೆ ಎಂಬ ಸಂದೇಶ ವೇದಿಕೆಯಲ್ಲಿ ಬಂದಿದೆ. ಸರಕು ತಯಾರಿಕೆ ಆರಂಭಿಸಬಹುದೇ?

ಉತ್ತರ: ಅಭಿನಂದನೆಗಳು. ಆದರೆ ಸ್ವಲ್ಪ ತಾಳಿ. ಅಂಗೀಕಾರ ಪತ್ರ ಬಂದ ದಿನದಿಂದ ಇಷ್ಟು ದಿನಗಳೊಳಗೆ ಕಾರ್ಯನಿರ್ವಹಣಾ ಭದ್ರತೆಯನ್ನು, ಅಂದರೆ ಒಪ್ಪಿದ ಕೆಲಸ ಮುಗಿಸುತ್ತೇವೆಂಬುದಕ್ಕೆ ಹಣದ ಖಾತರಿಯನ್ನು, ಬ್ಯಾಂಕ್ ಗ್ಯಾರಂಟಿಯ ರೂಪದಲ್ಲೋ ಠೇವಣಿಯಾಗಿಯೋ ಸಲ್ಲಿಸಬೇಕೆಂದು ದಾಖಲೆಯಲ್ಲಿರುತ್ತದೆ. ಬ್ಯಾಂಕಿನಲ್ಲಿ ಗ್ಯಾರಂಟಿ ಪತ್ರ ಸಿದ್ಧವಾಗಲು ಹಲವು ದಿನ ಹಿಡಿಯುತ್ತದೆ, ಅದರ ಒಕ್ಕಣೆ ಟೆಂಡರ್ ದಾಖಲೆಯಲ್ಲಿ ಕೊಟ್ಟ ನಮೂನೆಯಂತೆಯೇ ಇರಬೇಕು. ಅವಧಿ ಮೀರಿದರೆ ಬಿಡ್‌ಗೆ ಇಟ್ಟ ಠೇವಣಿ ಮುಟ್ಟುಗೋಲಾಗಿ ಗುತ್ತಿಗೆ ಕೈತಪ್ಪಬಹುದು. ಆದ್ದರಿಂದ ಅಂಗೀಕಾರ ಪತ್ರವನ್ನೂ ಆ ನಮೂನೆಯನ್ನೂ ತೆಗೆದುಕೊಂಡು ಮೊದಲು ಬ್ಯಾಂಕಿಗೆ ಹೋಗಿ. ಒಪ್ಪಂದಕ್ಕೆ ಎರಡೂ ಕಡೆಯವರ ಸಹಿಯಾಗಿ, ಕಾರ್ಯಾದೇಶ ನಿಮ್ಮ ಕೈಸೇರಿದ ಮೇಲೆ ಮರ ಕೊಯ್ಯಲು ಆರಂಭಿಸಿ.